ಇಸ್ತ್ರಿಯಕ್ಕ ಬರೆದ ವರದಿ

ಅವಳನ್ನು ಎಲ್ಲರೂ ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಆ ಲಾಂಡ್ರಿ ಕಾರ್ಖಾನೆಗೆ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕಲು ಸೇರಿದವಳು ನಲವತ್ತಾರಕ್ಕೆ ಬೆಳಗಿನ ಪಾಳಿಯ ಸೂಪರ್‌ವೈಸರ್ ಆಗಿದ್ದಳು. ಹುದ್ದೆ ಬದಲಾದರೂ ಹೆಸರು ಬದಲಾಗಲಿಲ್ಲ. ಊರಿನ ಏಳೆಂಟು ಆಸ್ಪತ್ರೆಗಳ, ಹತ್ತಾರು ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಬಂದು ಬೀಳುವ ಜಾಗ ಅದು. ಒಂದು ತುದಿಯಲ್ಲಿ ಕೊಳೆ ಬಟ್ಟೆಯ ಮೂಟೆ ಇಳಿಯುತ್ತಿದ್ದರೆ ಇನ್ನೊಂದು ತುದಿಯಲ್ಲಿ ಮಡಿಚಿದ ಬಿಳಿ ಬೆಡ್‌ಶೀಟುಗಳ ಗಂಟು ಲಾರಿ ಹತ್ತುತ್ತಿತ್ತು. ನಡುವೆ ಉಗಿ, ಬ್ಲೀಚಿನ ವಾಸನೆ, ಕಿವಿಗಡಚಿಕ್ಕುವ ಸದ್ದು. ಆ ಸದ್ದಿನಲ್ಲಿ ಇಪ್ಪತ್ತನಾಲ್ಕು ವರ್ಷ ಕಳೆದಿದ್ದರಿಂದ ಅವಳು ಮನೆಯಲ್ಲೂ ಗಟ್ಟಿಯಾಗಿಯೇ ಮಾತಾಡುತ್ತಿದ್ದಳು. ಅವಳು ಗುಟ್ಟು ಹೇಳಿದರೆ ಎದುರು ಮನೆಗೆ ಕೇಳುತ್ತದೆ ಎಂದು ಅತ್ತೆ ಹಾಸ್ಯ ಮಾಡುತ್ತಿದ್ದರು.

ಆದರೂ ಅವಳಲ್ಲಿ ಎರಡು ವರ್ಷಗಳಿಂದ ಒಂದು ಗುಟ್ಟಿತ್ತು. ಅದು ಎದುರು ಮನೆಗಿರಲಿ, ಪಕ್ಕದಲ್ಲಿ ಮಲಗುವ ಗಂಡನಿಗೂ ಕೇಳಿರಲಿಲ್ಲ.

ಕಾರ್ಖಾನೆಯ ಮ್ಯಾನೇಜರರನ್ನು ಕೆಲಸದವರು ಬೆನ್ನ ಹಿಂದೆ ಪೌಡರ್ ಸಾಹೇಬರು ಅನ್ನುತ್ತಿದ್ದರು. ಬ್ಲೀಚು ನಾರುವ ಆ ಕಟ್ಟಡದಲ್ಲಿ ಘಮಘಮ ಅನ್ನುತ್ತಿದ್ದವರು ಅವರೊಬ್ಬರೇ. ಒಂದು ದಿನ ಅವರು ಇಸ್ತ್ರಿಯಕ್ಕನನ್ನು ಕರೆದು, "ಸಹಾಯಕ ಮ್ಯಾನೇಜರ್ ಜಾಗ ಖಾಲಿ ಇದೆ. ನಿಮಗೆ ಅನುಭವ ಇದೆ, ಕಾಗದ ಇಲ್ಲ. ಒಂದು ವರ್ಷದ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡ್ಕೊಂಡು ಬನ್ನಿ, ಆ ಕುರ್ಚಿ ನಿಮ್ಮದೇ" ಅಂದರು. ಕಂಪನಿಗೂ ಆ ಕಾಲೇಜಿಗೂ ಒಡಂಬಡಿಕೆಯಿತ್ತು. ಹೀಗೆ ಅವಳು ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಮೂರನೇ ಮಹಡಿಯ ಒಂದು ಕೋಣೆಯಲ್ಲಿ ತನ್ನ ಅರ್ಧ ವಯಸ್ಸಿನವರ ನಡುವೆ ಕೂರತೊಡಗಿದಳು. ಮೊದಮೊದಲು ಕೊನೆಯ ಬೆಂಚು ಹುಡುಕುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು. ಪರೀಕ್ಷೆಗಳಲ್ಲಿ ಐವತ್ತೈದು, ಅರವತ್ತು ಬರುತ್ತಿತ್ತು. ಅಷ್ಟಕ್ಕೇ ಅತ್ತೆ ನೆಂಟರಿಗೆಲ್ಲ ಫೋನು ಮಾಡಿ ಹೇಳಿದ್ದರು.

ಕೊನೆಯ ತಿಂಗಳ ಕೆಲಸ ಒಂದು ಕೇಸ್ ಸ್ಟಡಿ ವರದಿ. ಪಾಠ ಮಾಡುವ ಮೇಷ್ಟ್ರು ಹನ್ನೆರಡು ಪುಟದ ಕಟ್ಟುಗಳನ್ನು ಹಂಚುತ್ತ ಹೇಳಿದರು:

"ಕೇಸ್ ಅಂದ್ರೆ ಕತೆ ಅಲ್ಲ. ಒಂದು ಕಂಪನಿಯ ಸಂಗತಿ ಇದರಲ್ಲಿದೆ. ಸಮಸ್ಯೆ ಯಾವುದು, ಅದರ ಬೇರು ಎಲ್ಲಿದೆ, ಯಾವ್ಯಾವ ದಾರಿ ಇದೆ, ನೀವು ಯಾವುದನ್ನ ಹಿಡೀತೀರಿ, ಯಾಕೆ. ಇಷ್ಟನ್ನ ಬರೀರಿ. ಕಾಗದದಲ್ಲಿ ಏನಿದೆಯೋ ಅದನ್ನ ಹಿಡ್ಕೊಂಡು ಮಾತಾಡಿ. ಇನ್ನೊಂದು ಮಾತು. ಹಿಂದಿರೋ ಅನುಬಂಧಗಳನ್ನ ಓದದೆ ಬರೆದ ವರದಿ ನನಗೆ ಕೊಡಬೇಡಿ. ಅದು ಮದುವೆಗೆ ಹೋಗಿ ಹುಡುಗ ಹುಡುಗಿನ ನೋಡದೆ ಊಟ ಮುಗಿಸಿ ಬಂದ ಹಾಗೆ."

ಎಲ್ಲರೂ ನಕ್ಕರು. ಇಸ್ತ್ರಿಯಕ್ಕನೂ ನಕ್ಕಳು. ಮೊದಲ ಪುಟ ತಿರುಗಿಸಿದ ಮೇಲೆ ನಗು ನಿಂತಿತು.

‘ಕಂಪನಿ ಕ ಎಂಬುದು ಆಸ್ಪತ್ರೆ ಮತ್ತು ಹೋಟೆಲುಗಳಿಗೆ ಸೇವೆ ಒದಗಿಸುವ ಲಾಂಡ್ರಿ ಸಂಸ್ಥೆ. ದಿನಕ್ಕೆ ಇಂತಿಷ್ಟು ಬಟ್ಟೆ ಎಂಬ ಹೊಸ ಗುರಿ ಪದ್ಧತಿಯನ್ನು ಜಾರಿಗೆ ತಂದು ಕೆಲವೇ ತಿಂಗಳಲ್ಲಿ ಉತ್ಪಾದನೆಯನ್ನು ಮೂರನೇ ಒಂದು ಪಾಲಿನಷ್ಟು ಹೆಚ್ಚಿಸಿಕೊಂಡ ಯಶಸ್ಸಿನ ಕಥೆ ಇದು.’ ಎರಡನೇ ಪುಟದ ಕೊನೆಯ ಸಾಲು ಹೀಗಿತ್ತು: ‘ಈ ಅವಧಿಯಲ್ಲಿ ಕೆಲಸಗಾರನೊಬ್ಬನ ಅಜಾಗರೂಕತೆಯಿಂದ ಒಂದು ಅಪಘಾತ ಸಂಭವಿಸಿತಾದರೂ ಒಟ್ಟು ಪ್ರಗತಿಗೆ ಅದರಿಂದ ಧಕ್ಕೆಯಾಗಲಿಲ್ಲ.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವಳು ನಿಜವಾಗಿಯೂ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಸುತ್ತ ನೋಡಿದಳು. ಔಷಧಿ ಅಂಗಡಿಯವನು ಪೆನ್ನಿನಿಂದ ಗೆರೆ ಎಳೆಯುತ್ತಿದ್ದ. ಬ್ಯಾಂಕಿನ ಹುಡುಗಿ ಆಕಳಿಸುತ್ತಿದ್ದಳು. ಯಾರೂ ಅವಳ ಕಡೆ ನೋಡುತ್ತಿರಲಿಲ್ಲ. ‘ಕ’ ಅಂದರೆ ಯಾರೆಂದು ಆ ಕೋಣೆಯಲ್ಲಿ ಅವಳಿಗೊಬ್ಬಳಿಗೇ ಗೊತ್ತಿತ್ತು.

ನಡೆದದ್ದು ಇಷ್ಟು.

ಕಾರ್ಖಾನೆಯಲ್ಲಿ ಎರಡನೇ ನಂಬರಿನ ಇಸ್ತ್ರಿ ಯಂತ್ರ ಅಂತ ಒಂದಿತ್ತು. ಎರಡು ಮಂಚ ಜೋಡಿಸಿದಷ್ಟು ಅಗಲ. ಉಗಿಯಿಂದ ಕಾಯುವ ಉರುಳೆಗಳು. ಒಂದು ಕಡೆ ಇಬ್ಬರು ನಿಂತು ಒದ್ದೆ ಬೆಡ್‌ಶೀಟಿನ ಅಂಚನ್ನು ಅದರ ಬಾಯಿಗೆ ಕೊಡಬೇಕು. ಆ ಕಡೆ ಒಣಗಿ ನೆಟ್ಟಗಾಗಿ ಬಂದದ್ದನ್ನು ಇಬ್ಬರು ಮಡಿಚಬೇಕು. ಬಾಯಿಯ ಮುಂದೆ ಉದ್ದಕ್ಕೂ ಒಂದು ಕಬ್ಬಿಣದ ಪಟ್ಟಿ. ಅದಕ್ಕೆ ಬೆರಳು ತಾಕಿದರೆ ಯಂತ್ರ ತಟ್ಟನೆ ನಿಲ್ಲಬೇಕು. ಎಲ್ಲರೂ ಅದನ್ನು ಗಾರ್ಡ್ ಅನ್ನುತ್ತಿದ್ದರು. ಆ ಗಾರ್ಡಿನ ಸ್ಪ್ರಿಂಗು ಸಡಿಲವಾಗಿ, ದಪ್ಪ ಬೆಡ್‌ಶೀಟು ತಾಕಿದರೂ ಯಂತ್ರ ನಿಲ್ಲತೊಡಗಿತು. ಗಂಟೆಗೆ ಐದು ಸಲ, ಹತ್ತು ಸಲ. ಆಸ್ಪತ್ರೆಗಳಿಂದ ದೂರು ಬಂತು. ಒಂದು ಬೆಳಿಗ್ಗೆ ಮೆಕ್ಯಾನಿಕ್ ಬಂದು ಗಾರ್ಡನ್ನು ತಂತಿಯಿಂದ ಬಿಗಿದು ಕಟ್ಟಿದ. "ಸಾಹೇಬರು ಹೇಳಿದಾರೆ. ಹೊಸ ಸ್ಪ್ರಿಂಗ್ ಬರೋವರೆಗೆ" ಅಂದ. ಇಸ್ತ್ರಿಯಕ್ಕ ನೋಡಿದಳು. ಪ್ರತಿದಿನ ಬೆಳಿಗ್ಗೆ ತಪಾಸಣೆ ಹಾಳೆಯಲ್ಲಿ ‘ಗಾರ್ಡ್: ಸರಿಯಿದೆ’ ಎಂಬಲ್ಲಿ ಸಹಿ ಹಾಕಬೇಕಾದವಳು ಅವಳು. ಮೊದಲ ದಿನ ಪೆನ್ನು ತಡವರಿಸಿತು. ಎರಡನೇ ದಿನ ಅಷ್ಟೇನೂ ಅನ್ನಿಸಲಿಲ್ಲ. ಎರಡು ತಿಂಗಳು ಹಾಗೇ ನಡೆಯಿತು.

ಬಾಯಿಗೆ ಬಟ್ಟೆ ಕೊಡುತ್ತಿದ್ದವನು ಐವತ್ತರ ಒಬ್ಬ ಮನುಷ್ಯ. ಸದಾ ಏನಾದರೊಂದು ಸಿಳ್ಳೆ ಹಾಕುತ್ತಿದ್ದುದರಿಂದ ಎಲ್ಲರಿಗೂ ಸಿಳ್ಳೆಯಣ್ಣ. ಜೂನ್ ಹನ್ನೊಂದರಂದು ಒಂದು ಬೆಡ್‌ಶೀಟಿನ ಬಿಚ್ಚಿದ ಅಂಚು ಅವನ ಬಲಗೈ ಬೆರಳುಗಳಿಗೆ ಸುತ್ತಿಕೊಂಡು ಎಳೆಯಿತು. ಗಾರ್ಡ್ ಅಲುಗಲಿಲ್ಲ. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಒತ್ತಿದವಳು ಇಸ್ತ್ರಿಯಕ್ಕನೇ, ಆದರೆ ಓಡಿ ಬಂದು ಒತ್ತುವಷ್ಟರಲ್ಲಿ ಕೈ ಮಣಿಕಟ್ಟಿನವರೆಗೂ ಒಳಗೆ ಹೋಗಿತ್ತು. ಅವನನ್ನು ಆಸ್ಪತ್ರೆಗೆ ಸಾಗಿಸಿದ ಗಲಾಟೆಯಲ್ಲಿ ಮೆಕ್ಯಾನಿಕ್ ಇಕ್ಕಳ ಹಿಡಿದು ತಂತಿ ಕತ್ತರಿಸಿ ಜೇಬಿಗೆ ಹಾಕಿಕೊಂಡಿದ್ದನ್ನು ಅವಳು ಕಣ್ಣಾರೆ ಕಂಡಳು. ಮರುದಿನ ಪೌಡರ್ ಸಾಹೇಬರು ಅವಳನ್ನು ಕೂರಿಸಿಕೊಂಡು ಮೆತ್ತಗೆ, "ಹಾಳೆ ಮೇಲೆ ನಿಮ್ಮ ಸಹಿಯೇ ಇದೆಯಲ್ಲಮ್ಮ. ಇನ್ಸ್‌ಪೆಕ್ಟರ್ ಬಂದ್ರೆ ಮೊದಲು ನಿಮ್ಮನ್ನೇ ಕರ್ಕೊಂಡು ಹೋಗೋದು. ಯೋಚನೆ ಮಾಡಿ" ಅಂದರು. ಅವಳು ಯೋಚನೆ ಮಾಡಲಿಲ್ಲ, ಹೆದರಿದಳು. ಗಾರ್ಡ್ ಸರಿಯಿತ್ತು, ಅವನು ಬೇರೆ ಕಡೆ ನೋಡುತ್ತಿದ್ದ ಎಂದು ಹೇಳಿಕೆ ಕೊಟ್ಟಳು.

ಸಿಳ್ಳೆಯಣ್ಣನ ಕೈ ಹೋಯಿತು. ಅಜಾಗರೂಕ ಎಂದು ಬರೆದು ಕೆಲಸದಿಂದ ತೆಗೆದರು. ಕರುಣೆಯ ಲೆಕ್ಕದಲ್ಲಿ ಅವನ ಹೆಂಡತಿಗೆ ಬಟ್ಟೆ ಮಡಿಚುವ ಕೆಲಸ ಕೊಟ್ಟರು. ಅದೂ ಬೆಳಗಿನ ಪಾಳಿಯಲ್ಲೇ. ದಿನಾ ಆರು ಗಂಟೆಗೆ ಆ ಹೆಂಗಸು ಬಂದು "ಅಕ್ಕ, ಬಂದೆ" ಅನ್ನುವಳು. ಇಸ್ತ್ರಿಯಕ್ಕ "ಹೂಂ" ಅಂದು ಹಾಜರಿ ಪುಸ್ತಕದ ಕಡೆ ನೋಡುವಳು. ಗಂಡ ಹೇಗಿದ್ದಾನೆ ಎಂದು ಯಾರಾದರೂ ಕೇಳಿದರೆ ಆ ಹೆಂಗಸು, "ಅವರಿಗೇನು, ಮನೆ ತುಂಬ ಸಿಳ್ಳೆ ಹಾಕ್ಕೊಂಡಿರ್ತಾರೆ, ನನಗೆ ತಲೆನೋವು" ಅನ್ನುತ್ತಿದ್ದಳು. ಅಪಘಾತದ ನಂತರ ತಪಾಸಣೆ ಹಾಳೆಯ ಸಹಿ ಮೆಕ್ಯಾನಿಕ್ ಪಾಲಿಗೆ ಹೋಯಿತು. ಇಸ್ತ್ರಿಯಕ್ಕನಿಗೆ ಅಷ್ಟೇ ಸಾಕಾಗಿತ್ತು. ಅವಳು ತನ್ನ ಗಾಜಿನ ಕೋಣೆಯಿಂದ ಎಲ್ಲ ಯಂತ್ರಗಳನ್ನೂ ನೋಡುತ್ತಿದ್ದಳು, ಎರಡನೇ ನಂಬರಿನ ಬಾಯಿಯೊಂದನ್ನು ಬಿಟ್ಟು.

ಕೇಸಿನ ಕಟ್ಟು ಸಿಕ್ಕ ಮರುದಿನ ಸೋಮವಾರ. ಪೌಡರ್ ಸಾಹೇಬರು ನಗುತ್ತ ಗಾಜಿನ ಕೋಣೆಗೇ ಬಂದರು.

"ಸಿಕ್ತಾ ಕೇಸು? ನಾನೇ ಕೊಟ್ಟಿದ್ದು ಕಾಲೇಜಿಗೆ, ನಮ್ಮ ಅಂಕಿ ಅಂಶ ಎಲ್ಲ. ಚೆನ್ನಾಗಿ ಬರೀರಿ. ವರದಿ ಮಂಡಿಸೋ ದಿನ ನನ್ನನ್ನೂ ಕರೆದಿದಾರೆ. ಮುಂದಿನ ಸಾಲಲ್ಲಿ ಕೂತು ಕೇಳ್ತೀನಿ."

ಅವರು ಹೋದ ಮೇಲೂ ಆ ಪರಿಮಳ ಕೋಣೆಯಲ್ಲಿ ಉಳಿಯಿತು. ಅವಳು ಬಾಗಿಲು ತೆರೆದಿಟ್ಟಳು.

ಎರಡು ಗಂಟೆಗೆ ಪಾಳಿ ಮುಗಿಸಿ ಮನೆಗೆ ಬಂದು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಳು. ಕೈಬರಹದ ವರದಿಯೂ ನಡೆಯುತ್ತದೆ ಎಂದಿದ್ದರು. ‘ಸಾರಾಂಶ’ ಎಂದು ಬರೆದು ಕೆಳಗೆ ಗೆರೆ ಎಳೆದಳು. ‘ಕಂಪನಿ ಕ ತನ್ನ ದೂರದೃಷ್ಟಿಯ ಆಡಳಿತದಿಂದ’ ಎಂದು ಬರೆದು ಹೊಡೆದು ಹಾಕಿದಳು. ಮೂರು ಮಧ್ಯಾಹ್ನ ಹೀಗೇ ಕಳೆಯಿತು. ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವರು. ಯಾರ ಮುಖ ಯಾಕೆ ಬಿಳುಚಿದೆ ಎಂದು ಬಾಗಿಲಲ್ಲೇ ಹೇಳಬಲ್ಲವರು.

"ಏನೇ ಅದು, ಮೂರು ದಿನದಿಂದ ಒಂದೇ ಪುಟ. ಹೆರಿಗೆ ನೋವು ಬಂದೋರೂ ಇಷ್ಟು ಹೊತ್ತು ಒದ್ದಾಡಲ್ಲ."

"ಕಷ್ಟ ಇದೆ ಅತ್ತೆ."

"ಕಷ್ಟ ಇದ್ರೆ ಬೆವರ್ತಾರೆ. ನೀನು ನಡುಗ್ತಿದ್ದೀಯ" ಅಂದು ಅವರು ಚಹಾ ಇಟ್ಟು ಹೋದರು.

ನಾಲ್ಕನೇ ದಿನ, ಬೇರೆ ದಾರಿ ಕಾಣದೆ, ಅವಳು ಅನುಬಂಧ ತೆಗೆದಳು. ಮೂರನೇ ಅನುಬಂಧ ಯಂತ್ರಗಳು ತಿಂಗಳಿಗೆ ಎಷ್ಟು ಗಂಟೆ ನಿಂತಿದ್ದವು ಎಂಬ ಪಟ್ಟಿ. ಎರಡನೇ ನಂಬರ್: ಫೆಬ್ರವರಿ ಮೂವತ್ತೆಂಟು ಗಂಟೆ. ಮಾರ್ಚ್ ನಲವತ್ತೊಂದು. ಏಪ್ರಿಲ್ ನಾಲ್ಕು. ಮೇ ಮೂರು. ಗುರಿ ಪದ್ಧತಿ ಜಾರಿಗೆ ಬಂದದ್ದು ಮೇ ಒಂದಕ್ಕೆ ಎಂದು ಮೊದಲ ಪುಟದಲ್ಲೇ ಇತ್ತು. ಅಂದರೆ ಯಂತ್ರ ನಿಲ್ಲುವುದನ್ನು ಬಿಟ್ಟದ್ದು ಪದ್ಧತಿ ಬರುವ ಒಂದು ತಿಂಗಳ ಮೊದಲೇ. ನಾಲ್ಕನೇ ಅನುಬಂಧ ದುರಸ್ತಿಯ ಪಟ್ಟಿ. ಮಾರ್ಚ್, ಏಪ್ರಿಲ್, ಮೇ: ‘ಬಿಡಿಭಾಗ ಬದಲಾವಣೆ ಇಲ್ಲ.’ ಜೂನ್ ಹದಿನಾಲ್ಕು: ‘ಗಾರ್ಡ್ ಸ್ಪ್ರಿಂಗ್ ಹೊಸದು.’ ಅಪಘಾತವಾದ ಮೂರನೇ ದಿನ.

ಅವಳು ಪೆನ್ನು ಕೆಳಗಿಟ್ಟಳು. ಏನನ್ನೂ ಬದಲಾಯಿಸದೆ ಯಂತ್ರ ಹೇಗೆ ಸರಿಹೋಯಿತು? ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಕಾಣುವ ಪ್ರಶ್ನೆ. ನಲವತ್ತು ಜನರ ಕೈಯಲ್ಲಿ ಈ ಕಟ್ಟಿದೆ. ಮೇಷ್ಟ್ರು ಅನುಬಂಧ ಓದಿ ಎಂದೇ ಹೇಳಿದ್ದಾರೆ. ಸಾಹೇಬರು ತಾವೇ ಹೆಮ್ಮೆಯಿಂದ, ಓದಿ ನೋಡದೆ, ಎಲ್ಲವನ್ನೂ ಕೊಟ್ಟುಬಿಟ್ಟಿದ್ದಾರೆ. ಇನ್ನು ಒಂದೇ ಒಂದು ಹಾಳೆ ಇದರಲ್ಲಿಲ್ಲ, ಅವಳ ಸಹಿಯಿರುವ ತಪಾಸಣೆ ಹಾಳೆ. ಅದನ್ನು ಯಾರಾದರೂ ಕೇಳಿದರೆ?

ಗಂಡ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಆ ಸಂಜೆ ಅವನು ಕೈ ತೊಳೆದು ಬಂದು ಕೂತಾಗ ಅವಳು ಎರಡು ವರ್ಷದ ಸಂಗತಿಯನ್ನು ಒಂದೇ ಉಸಿರಿಗೆ ಹೇಳಿದಳು, ಈ ಸಲ ನಿಜಕ್ಕೂ ಮೆಲ್ಲಗೆ. ಅವನು ಬಹಳ ಹೊತ್ತು ಟವೆಲಿನಿಂದ ಒಣಗಿದ ಕೈಯನ್ನೇ ಒರೆಸುತ್ತಿದ್ದ.

"ಜೈಲಿಗೆ ಹಾಕ್ತಾರಾ?" ಅಂದ.

"ಗೊತ್ತಿಲ್ಲ ರೀ."

"ಹಾಗಾದ್ರೆ ಯಾಕೆ ಕೆದಕೋದು? ಹಾವೂ ಸಾಯಬಾರದು, ಕೋಲೂ ಮುರೀಬಾರದು, ಹಾಗೆ ಬರಿ. ಗುರಿ ಪದ್ಧತಿ ಒಳ್ಳೇದು ಅಂತ ಬರಿ. ಪಾಸಾಗು. ಕುರ್ಚಿ ಮೇಲೆ ಕೂತ್ಕೋ. ಆಗಿದ್ದು ಆಗಿಹೋಯ್ತು."

ಅವನ ಮಾತು ಕೇಳಿ ಅವಳಿಗೆ ಸಮಾಧಾನವಾಯಿತು ಎಂದೇ ಹೇಳಬೇಕು. ಮರುದಿನ ಕೂತು ಹತ್ತು ಪುಟ ಬರೆದು ಮುಗಿಸಿದಳು. ಗುರಿ ಪದ್ಧತಿಯ ಲಾಭಗಳು, ಕೆಲಸಗಾರರ ಉತ್ಸಾಹ, ಎಲ್ಲ ಇತ್ತು. ಮೂರನೇ ಅನುಬಂಧದ ಹೆಸರೇ ಇರಲಿಲ್ಲ. ಮೇಲೆ ಒಂದು ರಕ್ಷಾಪುಟವನ್ನೂ ಹಾಕಿದಳು.

ಆದರೆ ಒಮ್ಮೆ ಹೀಗೆ ಅಂಕಿಗಳನ್ನು ಸಾಲಾಗಿ ನೋಡಲು ಕಲಿತ ಕಣ್ಣು ಸುಮ್ಮನಿರುವುದಿಲ್ಲ. ಮುಂದಿನ ವಾರದ ಶುಕ್ರವಾರ ಪಾಳಿಯ ನಡುವೆ, ಯಂತ್ರ ನಿಂತಾಗಲೆಲ್ಲ ಬರೆಯುವ ನಿಲುಗಡೆ ಚೀಟಿಗಳನ್ನು ಫೈಲಿಗೆ ಸೇರಿಸುತ್ತಿದ್ದಳು. ದಿನಾ ಮಾಡುವ ಕೆಲಸ, ಯಾವತ್ತೂ ಕೂಡಿಸಿ ನೋಡಿರಲಿಲ್ಲ. ಅವತ್ತು, ಯಾಕೋ, ಎರಡನೇ ನಂಬರಿನ ಚೀಟಿಗಳನ್ನು ಬೇರೆ ತೆಗೆದು ಹಳೆಯ ಕ್ಯಾಲೆಂಡರಿನ ಹಿಂದೆ ತಿಂಗಳುವಾರು ಬರೆದಳು. ಐದು ತಿಂಗಳ ಹಿಂದೆ ಎಂಟು ಗಂಟೆ. ಆಮೇಲೆ ಹದಿಮೂರು. ಹತ್ತೊಂಬತ್ತು. ಇಪ್ಪತ್ತೇಳು. ಕಳೆದ ತಿಂಗಳು ಮೂವತ್ನಾಲ್ಕು. ಈ ತಿಂಗಳು ಹದಿನೆಂಟು ದಿನ ಕಳೆದಿತ್ತು. ಒಂದೇ ಒಂದು ಚೀಟಿ, ಒಂದನೇ ತಾರೀಖಿನದ್ದು.

ಅವಳು ಮತ್ತೊಮ್ಮೆ ಹುಡುಕಿದಳು. ಡ್ರಾಯರಿನಲ್ಲಿ, ಮೇಜಿನ ಕೆಳಗೆ, ಕಸದ ಬುಟ್ಟಿಯಲ್ಲೂ. ಚೀಟಿ ಕಳೆದುಹೋಗಿರಲಿ ದೇವರೇ ಅಂದುಕೊಂಡಳು. ಚೀಟಿ ಕಳೆದಿರಲಿಲ್ಲ.

ಗಾಜಿನಾಚೆ ತಲೆಯೆತ್ತಿ ನೋಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಆ ಬಾಯಿಯ ಕಡೆ. ಅಲ್ಲಿ ಬಟ್ಟೆ ಕೊಡುತ್ತಿದ್ದ ಇಬ್ಬರಲ್ಲಿ ಒಬ್ಬಳು ಸಿಳ್ಳೆಯಣ್ಣನ ಹೆಂಡತಿ. ಬಟ್ಟೆ ಕೊಡುತ್ತಿದ್ದ ಹುಡುಗಿ ಬಾಣಂತನಕ್ಕೆ ಹೋದಳೆಂದು ಎಂಟು ದಿನದ ಹಿಂದೆ ಇಸ್ತ್ರಿಯಕ್ಕನೇ ಕೆಲಸದ ಪಟ್ಟಿ ಬದಲಿಸಿ, ಅವಳನ್ನು ಮಡಿಚುವ ಕಡೆಯಿಂದ ಈ ಕಡೆಗೆ ಹಾಕಿದ್ದಳು. ಪಟ್ಟಿ ಬರೆಯುವಾಗ ಅದು ಬರೀ ಒಂದು ಖಾಲಿ ಚೌಕ ತುಂಬುವ ಕೆಲಸವಾಗಿತ್ತು.

ಕೋಣೆಯಿಂದ ಯಂತ್ರಕ್ಕೆ ನಲವತ್ತು ಹೆಜ್ಜೆ. ಬೇಗ ಹೋಗಬೇಕು ಅನ್ನಿಸುತ್ತಿತ್ತು, ತಲುಪದಿದ್ದರೆ ಸಾಕು ಎಂದೂ ಅನ್ನಿಸುತ್ತಿತ್ತು. ಯಂತ್ರದ ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. ಗಾರ್ಡಿನ ಎಡ ತುದಿಯಲ್ಲಿ, ಯಾರೋ ಇಟ್ಟಿದ್ದ ಬಣ್ಣದ ಡಬ್ಬಿಯ ಹಿಂದೆ ಕಾಣದ ಹಾಗೆ, ಮೂರು ಸುತ್ತು ತಂತಿ. ಹೊಸ ತಂತಿ, ಹೊಳೆಯುತ್ತಿತ್ತು.

ಅದೇ ಹೊತ್ತಿಗೆ ಸಿಳ್ಳೆಯಣ್ಣನ ಹೆಂಡತಿ ಒದ್ದೆ ಬೆಡ್‌ಶೀಟಿನ ಮೂಲೆಯನ್ನು ಯಂತ್ರದ ಬಾಯಿಗೆ ಹಿಡಿದು, ಇವಳನ್ನು ನೋಡಿ, ಕೈ ಅಲ್ಲೇ ಇಟ್ಟು, "ಏನಕ್ಕಾ?" ಅಂದಳು.

ಇಸ್ತ್ರಿಯಕ್ಕ ಕೆಂಪು ಗುಂಡಿ ಒತ್ತಿದಳು. ಉರುಳೆಗಳು ನಿಂತವು. ಆ ಸಾಲಿನ ಹೆಂಗಸರೆಲ್ಲ ತಿರುಗಿ ನೋಡಿದರು.

"ಕೈ ತೆಗಿ. ಎಲ್ಲಾರೂ ದೂರ ಬನ್ನಿ" ಅಂದಳು. ಆ ಗಟ್ಟಿ ಗಂಟಲು ಎಲ್ಲಿ ಹೋಗಿತ್ತೋ, ಮಾತು ಪಿಸುಗುಟ್ಟಿದಂತೆ ಬಂತು.

ಸಿಳ್ಳೆಯಣ್ಣನ ಹೆಂಡತಿ ಅವಳು ನೋಡುತ್ತಿದ್ದ ಕಡೆಗೇ ಬಗ್ಗಿದಳು. ತಂತಿಯನ್ನು ನೋಡಿದಳು. ಗಾರ್ಡನ್ನು ಬೆರಳಿನಿಂದ ಒತ್ತಿ ನೋಡಿದಳು, ಅದು ಅಲುಗಲಿಲ್ಲ. ಓದು ಬರಹ ಹೆಚ್ಚಿಲ್ಲದ ಹೆಂಗಸು. ಆದರೆ ಅವಳಿಗೆ ಯಾರೂ ಏನೂ ವಿವರಿಸಬೇಕಾಗಿರಲಿಲ್ಲ.

"ಅವತ್ತೂ ಹೀಗೇ ಕಟ್ಟಿತ್ತಾ?" ಅಂದಳು.

ಎರಡು ವರ್ಷ ಇಸ್ತ್ರಿಯಕ್ಕ ಪೊಲೀಸಿಗಿಂತ, ಸಾಹೇಬರಿಗಿಂತ ಹೆಚ್ಚು ಹೆದರಿದ್ದು ಈ ಒಂದು ಪ್ರಶ್ನೆಗೆ. ಉತ್ತರಗಳನ್ನು ಸಾವಿರ ಸಲ ಜೋಡಿಸಿಟ್ಟುಕೊಂಡಿದ್ದಳು.

"ಹೂಂ" ಅಂದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಆ ಹೆಂಗಸು ಬೆಡ್‌ಶೀಟನ್ನು ಬುಟ್ಟಿಗೆ ಹಾಕಿದಳು. ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೂ ಕೈ ತೊಳೆದಳು. ವಾಪಸು ಬಂದು, "ಇನ್ನು ಎಲ್ಲಿ ಕೆಲಸ ಮಾಡಲಿ, ಮೇಡಂ?" ಎಂದು ಕೇಳಿದಳು.

ಯಂತ್ರ ನಿಂತ ಹತ್ತು ನಿಮಿಷಕ್ಕೆ ಪೌಡರ್ ಸಾಹೇಬರು ಬಂದರು. ತಂತಿ ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಒಂದು ವಾರದ ಮಾತು. ಸ್ಪ್ರಿಂಗ್ ದಾರೀಲಿದೆ. ಚಾಲೂ ಮಾಡಿ."

"ಆಗಲ್ಲ ಸಾರ್."

"ಏನು?"

"ತಂತಿ ಬಿಚ್ಚಿದ ಮೇಲೆ ಮಾಡ್ತೀನಿ."

ಅವರು ಹತ್ತಿರ ಬಂದು ದನಿ ತಗ್ಗಿಸಿದರು. "ನೋಡಿ, ನನಗೇನೂ ಆಗಲ್ಲ. ಹಾಳೆ ಮೇಲೆ ನನ್ನ ಸಹಿ ಎಲ್ಲೂ ಇಲ್ಲ. ನಿಮ್ಮದಿದೆ, ಅರವತ್ತು ದಿನದ್ದು. ಮನೇಲಿ ವಯಸ್ಸಾದ ಅತ್ತೆ ಇದಾರೆ ಅಲ್ವಾ?"

ಅವಳು ಒಂದು ಕೈಯಲ್ಲಿ ಯಂತ್ರದ ಕಂಬ ಹಿಡಿದುಕೊಂಡಳು. ಧೈರ್ಯ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಹೆದರಿಕೆ ಕೊಂಚವೂ ಕಡಿಮೆಯಾಗಿರಲಿಲ್ಲ. ಆದರೆ ಕೆಂಪು ಗುಂಡಿಯ ಮೇಲಿದ್ದ ಕೈಯನ್ನು ತೆಗೆಯುವುದು ಅದಕ್ಕಿಂತ ಹೆಚ್ಚು ಭಯದ ಕೆಲಸವಾಗಿ ಕಂಡಿತು. ಪಾಳಿ ಮುಗಿಯುವವರೆಗೂ, ಎರಡೂವರೆ ಗಂಟೆ ಕಾಲ, ಅವಳು ಅಲ್ಲೇ ನಿಂತಳು. ಸಾಹೇಬರು ಹೋದರು, ಬಂದರು, ಮತ್ತೆ ಹೋದರು. ಒಂದೂವರೆಗೆ ಮೆಕ್ಯಾನಿಕ್ ಇಕ್ಕಳ ತಂದು, ಯಾರ ಮುಖವನ್ನೂ ನೋಡದೆ ತಂತಿ ಕತ್ತರಿಸಿದ. ಈ ಸಲ ಅವಳು ಕೈ ಚಾಚಿದಳು. ಅವನು ಒಂದು ಗಳಿಗೆ ಅನುಮಾನಿಸಿ ತಂತಿಯನ್ನು ಅವಳ ಅಂಗೈಗೆ ಹಾಕಿದ.

ಮನೆಗೆ ಬಂದು ಬರೆದಿಟ್ಟ ಹತ್ತು ಪುಟವನ್ನು ಹರಿದಳು. ಭಾನುವಾರ ಮಂಡನೆ, ನಡುವೆ ಉಳಿದದ್ದು ಒಂದು ದಿನ. ಗಂಡ ಬಾಗಿಲಲ್ಲಿ ನಿಂತು ನೋಡಿದ, ಬೇಡ ಅನ್ನಲಿಲ್ಲ, ಬರಿ ಅಂತಲೂ ಅನ್ನಲಿಲ್ಲ. ಸಂಜೆ ಅವಳಿಗೆ ಕೇಳದಂತೆ ಡಿಪೊದ ಪರಿಚಯದ ವಕೀಲರೊಬ್ಬರಿಗೆ ಫೋನು ಮಾಡಿದ. ಅತ್ತೆ ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಅಕ್ಕಿ ಆರಿಸಿದರು. ಅಕ್ಕಿ ಆಗಲೇ ಆರಿಸಿದ್ದಾಗಿತ್ತು.

ವರದಿ ಈ ಸಲ ಆರೇ ಪುಟವಾಯಿತು. ಸಮಸ್ಯೆ: ಉತ್ಪಾದನೆ ಹೆಚ್ಚಲು ಕಾರಣ ಗುರಿ ಪದ್ಧತಿ ಎಂದು ಕೇಸು ಹೇಳುತ್ತದೆ; ಅಂಕಿಗಳು ಹಾಗೆ ಹೇಳುವುದಿಲ್ಲ. ವಿಶ್ಲೇಷಣೆ: ಅನುಬಂಧ ಮೂರು ಮತ್ತು ನಾಲ್ಕನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ದಾರಿಗಳು: ಗುರಿ ತಗ್ಗಿಸುವುದು, ಬಿಡಿಭಾಗ ಮೊದಲೇ ತರಿಸಿಡುವುದು, ತಪಾಸಣೆ ಮಾಡುವವರಿಗೆ ಯಂತ್ರ ನಿಲ್ಲಿಸುವ ಅಧಿಕಾರ ಕೊಡುವುದು. ಶಿಫಾರಸು: ಮೂರೂ. ಜೊತೆಗೆ ಎರಡನೇ ಪುಟದ ಕೊನೆಯ ವಾಕ್ಯವನ್ನು ತೆಗೆದುಹಾಕಬೇಕು, ಅದಕ್ಕೆ ಈ ಕಾಗದಗಳಲ್ಲಿ ಆಧಾರವಿಲ್ಲ.

ಭಾನುವಾರ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಪೌಡರ್ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಶುಕ್ರವಾರದ ನಂತರವೂ ಅವರು ಬಂದಿದ್ದರು. ಬಹುಶಃ ತಾವು ಕೂತಿದ್ದರೆ ಅವಳು ಬಾಯಿ ಬಿಡುವುದಿಲ್ಲ ಎಂಬ ನಂಬಿಕೆ. ಅವಳಿಗಿಂತ ಮೊದಲು ಹನ್ನೊಂದು ಜನ ಓದಿದರು. ಹನ್ನೊಂದೂ ಜನ ಗುರಿ ಪದ್ಧತಿಯನ್ನು ಹೊಗಳಿದರು. ಔಷಧಿ ಅಂಗಡಿಯವನು ಮಾತ್ರ ಅನುಬಂಧ ಮೂರನ್ನು ಹೆಸರಿಸಿ, ಅದನ್ನೂ ಹೊಗಳಿದ. ಒಬ್ಬರಿಗೂ ಕಾಣಲಿಲ್ಲ. ಸುಮ್ಮನೆ ಕೂತರೆ ಯಾರಿಗೂ ಕಾಣುವುದೂ ಇಲ್ಲ ಎಂದು ಅವಳಿಗೆ ಆಗ ಖಾತ್ರಿಯಾಯಿತು. ಓಡಿಹೋಗಲು ಬಾಗಿಲು ತೆರೆದೇ ಇತ್ತು.

ಅವಳ ಸರದಿ ಬಂದಾಗ ಎದ್ದು ನಿಂತು ಕಾಗದದಿಂದ ತಲೆಯೆತ್ತದೆ ಓದಿದಳು. ಅಂಕಿಗಳನ್ನು ಓದುವಾಗ ಕೋಣೆಯಲ್ಲಿ ಪುಟ ತಿರುಗಿಸುವ ಸದ್ದಾಯಿತು; ಎಲ್ಲರೂ ಹಿಂದಿನ ಹಾಳೆಗಳನ್ನು ಹುಡುಕುತ್ತಿದ್ದರು. ಮೇಷ್ಟ್ರು ಕನ್ನಡಕ ಏರಿಸಿ ಎರಡು ಪಟ್ಟಿಗಳನ್ನೂ ನೋಡಿ ಕೇಳಿದರು:

"ಸರಿ. ಏಪ್ರಿಲ್‌ನಲ್ಲಿ ಏನೋ ಆಗಿದೆ. ಏನಾಗಿರಬಹುದು ಅಂತ ನಿಮ್ಮ ಊಹೆ?"

"ಊಹೆ ಅಲ್ಲ ಸಾರ್. ಗಾರ್ಡಿಗೆ ತಂತಿ ಕಟ್ಟಿದ್ರು."

"ಹಿಂದಿನವರಿಗೆ ಕೇಳಿಸ್ತಿಲ್ಲ, ಸ್ವಲ್ಪ ಜೋರಾಗಿ."

"ಗಾರ್ಡಿಗೆ ತಂತಿ ಕಟ್ಟಿದ್ರು. ಸರಿಯಿದೆ ಅಂತ ದಿನಾ ಸಹಿ ಹಾಕಿದ್ದು ನಾನು."

ಪೌಡರ್ ಸಾಹೇಬರು ಎದ್ದು, ಕುರ್ಚಿ ಸದ್ದಾಗದಂತೆ ಹಿಂದಕ್ಕೆ ಸರಿಸಿ, ಹೊರಗೆ ಹೋದರು. ಮೇಷ್ಟ್ರು "ಕೂತ್ಕೊಳ್ಳಿಮ್ಮ" ಅಂದರು. ಬ್ಯಾಂಕಿನ ಹುಡುಗಿ ನೀರಿನ ಬಾಟಲಿ ಅವಳ ಕಡೆ ಸರಿಸಿದಳು.

ಆಮೇಲಿನದು ಬಹಳ ದಿನ ಎಳೆಯಿತು. ಸೋಮವಾರ ಅವಳು ಗಂಡನ ಜೊತೆ ಹೋಗಿ ಕಾರ್ಖಾನೆ ಇನ್ಸ್‌ಪೆಕ್ಟರರ ಕಚೇರಿಯಲ್ಲಿ ಹೊಸ ಹೇಳಿಕೆ ಕೊಟ್ಟು ಬಂದಳು. ತಂತಿಯನ್ನೂ ಒಂದು ಲಕೋಟೆಯಲ್ಲಿ ಹಾಕಿ ಕೊಟ್ಟಳು. ಹಳೆಯ ಹೇಳಿಕೆ ಸುಳ್ಳೆಂದು ಒಪ್ಪಿಕೊಂಡಿದ್ದಕ್ಕೆ ಅವಳ ಮೇಲೂ ಪ್ರಕರಣ ದಾಖಲಾಯಿತು. ಎಂಟು ತಿಂಗಳು ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಸಾಕು, ಅವಳ ಕೈಯಲ್ಲಿದ್ದದ್ದು ಬಿದ್ದುಹೋಗುತ್ತಿತ್ತು. ಮನೆಯಲ್ಲಿ ಮೂರು ಲೋಟ, ಒಂದು ತಟ್ಟೆ ಒಡೆದವು. ಕೊನೆಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಮೆಕ್ಯಾನಿಕ್ ಬಾಯಿ ಬಿಟ್ಟಿದ್ದರಿಂದ ಪೌಡರ್ ಸಾಹೇಬರ ಮೇಲಿನ ಪ್ರಕರಣ ಇನ್ನೂ ನಡೆಯುತ್ತಿದೆ. ಅವರು ಆ ಕಾರ್ಖಾನೆಯಲ್ಲಿಲ್ಲ. ಸಿಳ್ಳೆಯಣ್ಣನ ದಾಖಲೆಯಿಂದ ಅಜಾಗರೂಕತೆ ಎಂಬ ಪದವನ್ನು ಹೊಡೆದುಹಾಕಿದರು. ಅದರ ಪ್ರತಿಯನ್ನು ಅವನ ಮನೆಗೆ ಕೊಡಲು ಇಸ್ತ್ರಿಯಕ್ಕ ತಾನೇ ಹೋದಳು. ಗೇಟಿನವರೆಗೂ ಹೋಗಿ ಎರಡು ಸಲ ತಿರುಗಿ ಬಂದಿದ್ದಳು, ಮೂರನೇ ಸಲ ಒಳಗೆ ಹೋದಳು. ಅವನು ಎಡಗೈಯಲ್ಲಿ ಕಾಗದ ಹಿಡಿದು ಎರಡು ಬಾರಿ ಓದಿದ.

"ತಂತಿ ಕಟ್ಟಿದ್ದು ನಂಗೂ ಗೊತ್ತಿತ್ತು ಅಕ್ಕ" ಅಂದ. "ಯಂತ್ರ ನಿಲ್ತಿಲ್ಲ ಅಂತ ಖುಷಿಯಾಗಿದ್ದೆ. ಇವಳಿಗೆ ಹೇಳಿರಲಿಲ್ಲ."

ಒಳಗಿನಿಂದ ಪಾತ್ರೆ ತೊಳೆಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅವನ ಹೆಂಡತಿ ಹೊರಗೆ ಬರಲಿಲ್ಲ.

ಸಹಾಯಕ ಮ್ಯಾನೇಜರ್ ಕುರ್ಚಿಯಲ್ಲಿ ಹೊರಗಿನಿಂದ ಬಂದ ಒಬ್ಬರು ಕೂತರು. ಇಸ್ತ್ರಿಯಕ್ಕನ ಸೂಪರ್‌ವೈಸರ್ ಕೆಲಸವೂ ಹೋಗಿ, ಕೊಳೆ ಬಟ್ಟೆಯ ಮೂಟೆ ಇಳಿಸಿಕೊಳ್ಳುವ ಕಡೆಗೆ ಹಾಕಿದರು. ಅಲ್ಲಿ ಗಾಜಿನ ಕೋಣೆಯಿಲ್ಲ. ಕೈಗೆ ರಬ್ಬರ್ ಗವಸು ಹಾಕಿಕೊಂಡು ಮೂಟೆ ಬಿಚ್ಚಬೇಕು. ಡಿಪ್ಲೊಮಾ ಪಾಸಾಯಿತು. ವರದಿಗೆ ಅರವತ್ತೆಂಟು ಅಂಕ. ಕೊನೆಯ ಪುಟದಲ್ಲಿ ಮೇಷ್ಟ್ರು ಕೆಂಪು ಶಾಯಿಯಲ್ಲಿ, ‘ಅನುಬಂಧಗಳ ಓದು ಉತ್ತಮ. ಪರ್ಯಾಯಗಳ ಹೋಲಿಕೆ ಸಾಲದು. ಪುಟ ಸಂಖ್ಯೆ ಹಾಕಿಲ್ಲ’ ಎಂದು ಬರೆದಿದ್ದರು. ಆ ಕೇಸನ್ನು ಕಾಲೇಜು ವಾಪಸು ತೆಗೆದುಕೊಂಡಿತು. ಮುಂದಿನ ವರ್ಷದವರಿಗೆ ಒಂದು ಬೇಕರಿಯ ಕೇಸು ಕೊಟ್ಟರಂತೆ.

ಈಗಲೂ ಅವಳಿಗೆ ಹೆದರಿಕೆ ಪೂರ್ತಿ ಹೋಗಿಲ್ಲ. ಸಾಹೇಬರ ಪ್ರಕರಣದಲ್ಲಿ ಅವಳೇ ಮುಖ್ಯ ಸಾಕ್ಷಿ. ಎಂಟನೆಯ ತಾರೀಖಿಗೆ ಮತ್ತೆ ಕೋರ್ಟಿಗೆ ಕರೆದಿದ್ದಾರೆ. ಅವರ ವಕೀಲರು ಏನೇನು ಕೇಳಬಹುದು ಎಂದು ಗಂಡ ದಿನಾ ಸಂಜೆ ಅವಳಿಗೆ ಪ್ರಶ್ನೆ ಹಾಕುತ್ತಾನೆ, ಅವಳು ಉತ್ತರ ಹೇಳುತ್ತಾಳೆ, ಅತ್ತೆ ನಡುವೆ ಬಾಯಿ ಹಾಕಿ, "ಇನ್ನೂ ಸ್ವಲ್ಪ ಜೋರಾಗಿ ಹೇಳೇ, ಎದುರು ವಕೀಲನ ಕಿವಿ ಮಂದ ಇದ್ರೆ?" ಅನ್ನುತ್ತಾರೆ. ರಜೆ ಚೀಟಿ ಕೊಟ್ಟಾಗಿದೆ. ಅದೇ ದಿನಕ್ಕೆ ರಜೆ ಕೇಳಿ ಸಿಳ್ಳೆಯಣ್ಣನ ಹೆಂಡತಿಯೂ ಚೀಟಿ ಕೊಟ್ಟಿದ್ದಾಳೆ ಎಂದು ಹಾಜರಿ ಗುಮಾಸ್ತ ಹೇಳಿದ. ಯಾಕೆಂದು ಅವಳು ಹೇಳಿಲ್ಲ, ಇಸ್ತ್ರಿಯಕ್ಕ ಕೇಳಿಲ್ಲ.